ವರ್ಷಗಟ್ಟಲೆ ನಿಂತ ವಿಮಾನದ ಎಂಜಿನ್ ಎಬ್ಬಿಸುವ ಕ್ರಮ: ಬೀಗ ತೆಗೆದ ದಿನದಿಂದ ಮೊದಲ ಹಾರಾಟದವರೆಗೆ

ತಪ್ಪು ಪ್ರತಿಸಲವೂ ಒಂದೇ ರೀತಿ ನಡೆಯುತ್ತದೆ. ವಿಮಾನ ಎರಡು ಮೂರು ವರ್ಷ ಹ್ಯಾಂಗರ್‌ನಲ್ಲಿ ನಿಂತಿರುತ್ತದೆ. ಬ್ಯಾಟರಿ ಚಾರ್ಜ್ ಆಗುತ್ತದೆ, ಟ್ಯಾಂಕಿಗೆ ಹೊಸ ಇಂಧನ ಬೀಳುತ್ತದೆ, ಯಾರೋ ಕೀಲಿ ತಿರುಗಿಸುತ್ತಾರೆ. ಎಂಜಿನ್ ಹೊತ್ತಿಕೊಳ್ಳುತ್ತದೆ, ಸದ್ದೂ ಚೆನ್ನಾಗಿರುತ್ತದೆ. ಹತ್ತಾರು ಗಂಟೆ ಹಾರಿದ ಮೇಲೆ ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿದರೆ ಮಡಿಕೆಗಳ ನಡುವೆ ಉಕ್ಕಿನ ಚೂರು. ಎಂಜಿನ್ ಪೂರ್ತಿ ಬಿಚ್ಚದೆ ಬೇರೆ ದಾರಿಯಿಲ್ಲ. ಅದಕ್ಕಿಂತ ಕೆಟ್ಟದ್ದೂ ಆಗಬಹುದು: ಟೇಕ್‌ಆಫ್ ಆದ ಒಂದೆರಡು ನಿಮಿಷದಲ್ಲೇ, ಕೆಳಗೆ ಇಳಿಯಲು ಜಾಗವಿಲ್ಲದ ಕಡೆ, ಎಂಜಿನ್ ನಿಂತುಬಿಡುತ್ತದೆ.

ಹಾನಿಯಲ್ಲಿ ಒಂದು ಪಾಲು ನಿಂತ ಅವಧಿಯದು, ಅದನ್ನು ಹಿಂದಕ್ಕೆ ತರಲಾಗದು. ಇನ್ನೊಂದು ಪಾಲು ಎಬ್ಬಿಸುವವರ ಅವಸರದ್ದು, ಅದನ್ನು ಪೂರ್ತಿ ತಪ್ಪಿಸಬಹುದು. ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮೊದಲು ಸ್ಟಾರ್ಟ್ ಮಾಡಿ, ಆಮೇಲೆ ಏನಾಗಿದೆ ಎಂದು ನೋಡಲು ಹೊರಡುತ್ತಾರೆ. ಆಗಬೇಕಾದ್ದು ಇದರ ತಿರುವುಮುರುವು: ಮೊದಲು ನೋಡಬೇಕು, ನಂತರ ಆಯಿಲ್ ತಲುಪಿಸಬೇಕು, ಕಿಡಿ ಕೊಡುವುದು ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಹೇಳುವುದು ಲೈಕಮಿಂಗ್, ಕಾಂಟಿನೆಂಟಲ್ ಕಂಪನಿಗಳ ಮಾದರಿಯ, ಗಾಳಿಯಿಂದ ತಂಪಾಗುವ, ಎದುರುಬದುರು ಸಿಲಿಂಡರ್‌ಗಳ ಪಿಸ್ಟನ್ ಎಂಜಿನ್‌ಗಳ ಬಗ್ಗೆ. ರೋಟಾಕ್ಸ್ ಕಂಪನಿಯ ಎಂಜಿನ್ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇವೆ. ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್ ಜೊತೆಗಿದ್ದು ಸಹಿ ಹಾಕದೆ ಈ ಕೆಲಸ ಮುಗಿಯುವುದಿಲ್ಲ. ನಿಮ್ಮ ಎಂಜಿನ್ನಿನ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಕೈಪಿಡಿಯದೇ ಕೊನೆಯ ಮಾತು.

## ಮೊದಲು ಬಿಡಬೇಕಾದ ಎರಡು ಅಭ್ಯಾಸ

ವಾರಕ್ಕೊಮ್ಮೆ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವುದು. ಎಂಜಿನ್ ಜಡ ಹಿಡಿಯದಿರಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಫಲ ಮಾತ್ರ ಉಲ್ಟಾ. ಕೈಯಲ್ಲಿ ತಿರುಗಿಸಿದರೆ ಆಯಿಲ್ ಪಂಪ್ ಒತ್ತಡ ಕಟ್ಟುವುದಿಲ್ಲ, ಕ್ರ್ಯಾಂಕ್‌ಶಾಫ್ಟ್ ಆಯಿಲ್ ಎರಚುವುದೂ ಇಲ್ಲ. ಸಿಲಿಂಡರ್ ಗೋಡೆ, ವಾಲ್ವ್ ತೆರೆಸುವ ಕ್ಯಾಮ್ ಲೋಬ್ (ಉಬ್ಬು), ಅದಕ್ಕೆ ತಾಗಿರುವ ಟ್ಯಾಪೆಟ್‌ಗಳ ಮೇಲೆ ಉಳಿದಿದ್ದ ತೆಳು ಪೊರೆ ಒರೆಸಿ ಹೋಗುತ್ತದೆ, ಬರಿಯ ಲೋಹ ಗಾಳಿಗೆ ಬೀಳುತ್ತದೆ. ಲೈಕಮಿಂಗ್ ಇದನ್ನು ಸ್ಪಷ್ಟವಾಗಿಯೇ ಬೇಡ ಎಂದಿದೆ.

ತಿಂಗಳಿಗೊಮ್ಮೆ ನೆಲದಲ್ಲೇ ಹತ್ತು ನಿಮಿಷ ಓಡಿಸುವುದು. ಒಂದು ಲೀಟರ್ ಇಂಧನ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಎಂಜಿನ್ನಿನ ಹೊಟ್ಟೆ, ಅಂದರೆ ಕ್ರ್ಯಾಂಕ್‌ಕೇಸ್, ಸೇರುತ್ತದೆ. ಆಯಿಲ್ ಸಾಕಷ್ಟು ಕಾದರೆ ಆವಿ ಬ್ರೀದರ್ ಕೊಳವೆಯ ಮೂಲಕ ಹೊರಹೋಗುತ್ತದೆ. ಕಾಯದಿದ್ದರೆ ಒಳಗೇ ತಣಿದು ಆಮ್ಲದೊಂದಿಗೆ ಬೆರೆತು ಉಕ್ಕನ್ನು ತಿನ್ನುತ್ತದೆ. ಲೈಕಮಿಂಗ್ ಕೇಳುವುದು 30 ದಿನಕ್ಕೊಮ್ಮೆಯಾದರೂ ಒಂದು ಗಂಟೆಯ ನಿರಂತರ ಹಾರಾಟ, ಆಯಿಲ್ ತಾಪ 165ರಿಂದ 200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 74ರಿಂದ 93 ಸೆಲ್ಸಿಯಸ್. ನೆಲದ ಮೇಲಿನ ಓಟ ಇದಕ್ಕೆ ಬದಲಿಯಲ್ಲ.

ನಿಮ್ಮ ವಿಮಾನಕ್ಕೆ ಈ ಎರಡೂ ಉಪಚಾರ ನಡೆದಿದ್ದರೆ ಅದನ್ನು ನಿರ್ವಹಣೆ ಎಂದು ಎಣಿಸಬೇಡಿ. ಎಂಜಿನ್ ಒಳಗೆ ತುಕ್ಕು ಇದೆ ಎಂದೇ ಭಾವಿಸಿ ತಪಾಸಣೆಗೆ ಇಳಿಯಿರಿ.

## ಬೇಕಾಗುವ ಸಾಮಾನು

ಕೆಲಸ ಅರ್ಧಕ್ಕೆ ನಿಂತರೆ ಎಂಜಿನ್ ತೆರೆದ ಬಾಯಲ್ಲಿ ಇನ್ನೂ ಹಲವು ದಿನ ಕೂರುತ್ತದೆ. ಅದಕ್ಕೆ ಎಲ್ಲವನ್ನೂ ಮೊದಲೇ ಕೂಡಿಹಾಕಿಕೊಳ್ಳಿ:

- ತುದಿ ಬಾಗುವ, ಫೋಟೋ ತೆಗೆಯುವ ಬೋರ್‌ಸ್ಕೋಪ್ (ತೂತಿನಿಂದ ಒಳಗೆ ನೋಡುವ ತೆಳು ಕ್ಯಾಮೆರಾ)
- ಟಾರ್ಕ್ ವ್ರೆಂಚ್, ಸ್ಪಾರ್ಕ್ ಪ್ಲಗ್ ಸಾಕೆಟ್, ಹೊಸ ತಾಮ್ರದ ಗ್ಯಾಸ್ಕೆಟ್‌ಗಳು
- ಎರಡು ಗೇಜ್‌ನ ಕಂಪ್ರೆಷನ್ ಟೆಸ್ಟರ್, ಮ್ಯಾಗ್ನೆಟೊ (ಪ್ಲಗ್‌ಗೆ ಕಿಡಿ ಕೊಡುವ ಯಂತ್ರ) ಟೈಮಿಂಗ್ ಲೈಟ್
- ಎರಡು ಸಲ ತುಂಬಲು ಸಾಕಾಗುವ ಆಯಿಲ್, ಎರಡು ಫಿಲ್ಟರ್, ಫಿಲ್ಟರ್ ಕತ್ತರಿಸುವ ಕಟರ್
- ಅಗಲ ಬಾಯಿಯ ಪಾರದರ್ಶಕ ಜಾಡಿಗಳು, ಅಳತೆ ಗೆರೆಯ ಬಕೆಟ್, ಅಯಸ್ಕಾಂತ
- ಇಂಧನದ ಬೆಂಕಿಗೆ ತಕ್ಕ ಅಗ್ನಿಶಾಮಕ, ಚಕ್ರಕ್ಕೆ ಅಡೆ, ಬಾಲ ಕಟ್ಟಲು ಹಗ್ಗ

ಎಂಟು ಕ್ವಾರ್ಟ್, ಅಂದರೆ ಸುಮಾರು 7.6 ಲೀಟರ್ ಹಿಡಿಯುವ ಎಂಜಿನ್‌ಗೆ ಹದಿನಾರು ಕ್ವಾರ್ಟ್ ತರಿಸಿಟ್ಟುಕೊಳ್ಳಿ. ಮೊದಲ ತುಂಬು ತೊಳೆಯಲು, ಎರಡನೆಯದು ಹಾರಲು.

## ಹಂತ 1: ಎಂಜಿನ್ ಹೇಗೆ ನಿಂತಿತ್ತು ಎಂದು ಖಚಿತಪಡಿಸಿಕೊಳ್ಳಿ

ಲಾಗ್‌ಬುಕ್ ತೆರೆಯಿರಿ. ಕೊನೆಯ ಹಾರಾಟ ಯಾವಾಗ, ಕೊನೆಯ ಆಯಿಲ್ ಬದಲಾವಣೆ ಯಾವಾಗ, ನಿಲ್ಲಿಸುವ ಮುನ್ನ ಸಂರಕ್ಷಣೆ ಮಾಡಿದ್ದಾರೋ ಇಲ್ಲವೋ ನೋಡಿ. ಸಂರಕ್ಷಣೆ ಎಂದರೆ ಮೂರು ಕೆಲಸ: ತುಕ್ಕುನಿರೋಧಕ ಆಯಿಲ್ ಹಾಕಿ ಓಡಿಸಿರಬೇಕು, ಸಿಲಿಂಡರ್‌ಗಳ ಒಳಗೆ ಅದೇ ಜಾತಿಯ ಆಯಿಲ್ ಸಿಂಪಡಿಸಿರಬೇಕು, ಪ್ಲಗ್ ತೂತುಗಳಿಗೆ ಸಿಲಿಕಾ ಜೆಲ್ ತುಂಬಿದ ಡೆಸಿಕೆಂಟ್ ಪ್ಲಗ್ ಹಾಕಿ ಎಕ್ಸಾಸ್ಟ್, ಬ್ರೀದರ್, ಗಾಳಿ ಸೇದುವ ಬಾಯಿ ಎಲ್ಲವನ್ನೂ ಮುಚ್ಚಿರಬೇಕು.

ಡೆಸಿಕೆಂಟ್ ಪ್ಲಗ್ ಇದ್ದರೆ ಅದರ ಬಣ್ಣ ಬಹಳ ಹೇಳುತ್ತದೆ. ನೀಲಿ ಹರಳು ನೀಲಿಯಾಗಿಯೇ ಇದ್ದರೆ ಒಳಗಿನ ಗಾಳಿ ಒಣಗಿದೆ. ಗುಲಾಬಿಗೆ ತಿರುಗಿದ್ದರೆ ತೇವ ಕುಡಿದು ತುಂಬಿಹೋಗಿದೆ, ಆಮೇಲೆ ಎಷ್ಟು ಕಾಲ ಎಂಜಿನ್ ರಕ್ಷಣೆಯಿಲ್ಲದೆ ಇತ್ತೋ ಲೆಕ್ಕವಿಲ್ಲ. ಒಂದು ಸಿಲಿಂಡರಿನದು ಮಾತ್ರ ಗುಲಾಬಿಯಾಗಿದ್ದರೆ ಆ ಸಿಲಿಂಡರಿನ ವಾಲ್ವ್ ತೆರೆದ ಸ್ಥಿತಿಯಲ್ಲೇ ನಿಂತಿತ್ತೇನೋ ಎಂದು ಅನುಮಾನಿಸಿ, ಅದನ್ನೇ ಮೊದಲು ನೋಡಿ.

ಒಳಗೆ ಇಟ್ಟ ಸಿಲಿಕಾ ಜೆಲ್ ಚೀಲಗಳೆಷ್ಟು ಎಂದು ದಾಖಲೆಯಲ್ಲಿ ಇದ್ದೇ ಇರಬೇಕು. ಅಷ್ಟೂ ಹೊರಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಗಾಳಿ ಸೇದುವ ದಾರಿಯಲ್ಲಿ ಮರೆತುಹೋದ ಒಂದು ಚೀಲ ಸಾಕು, ಪೂರ್ತಿ ಥ್ರಾಟಲ್ ಕೊಟ್ಟಾಗ ಕಾರ್ಬ್ಯುರೇಟರ್ ಬಾಯಿ ಮುಚ್ಚಲು.

## ಹಂತ 2: ಕಿಡಿ ಬರದಂತೆ ಮಾಡಿ, ಕೌಲಿಂಗ್ ಬಿಚ್ಚಿ

ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ಸ್ವಿಚ್‌ನಿಂದ ಮ್ಯಾಗ್ನೆಟೊಗೆ ಹೋಗುವ ಪಿ-ಲೀಡ್ ತಂತಿ ತುಂಡಾಗಿದ್ದರೆ ಕೀಲಿ ಜೇಬಿನಲ್ಲಿದ್ದರೂ ಅದು ಜೀವಂತ. ವರ್ಷಗಟ್ಟಲೆ ನಿಂತ ವಿಮಾನದಲ್ಲಿ ಇಲಿ ಕಡಿದ ತಂತಿ ಅಪರೂಪವಲ್ಲ. ಇಂಧನದ ಪ್ರಮಾಣ ತಿದ್ದುವ ಮಿಕ್ಸ್ಚರ್ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆಯಿರಿ, ಇಂಧನ ಬಂದ್ ಮಾಡಿ, ಚಕ್ರಗಳಿಗೆ ಅಡೆ ಇಡಿ, ಪ್ಲಗ್‌ಗಳಿಂದ ಕೇಬಲ್‌ಗಳನ್ನೆಲ್ಲ ಬಿಡಿಸಿ. ಅದಾಗುವವರೆಗೆ ಪ್ರೊಪೆಲ್ಲರ್ ಮುಟ್ಟಬೇಡಿ.

ಕೌಲಿಂಗ್, ಅಂದರೆ ಎಂಜಿನ್ನಿನ ಹೊದಿಕೆ, ತೆಗೆದ ಮೇಲೆ ಮೊದಲು ಹುಡುಕಬೇಕಾದ್ದು ಗೂಡು. ಸಿಲಿಂಡರ್ ಹಿಂದಿನ ಬ್ಯಾಫಲ್ (ಗಾಳಿ ತಿರುಗಿಸುವ ತಗಡು) ಸಂದಿಯಲ್ಲಿ ಹಕ್ಕಿ ತುಂಬಿದ ಹುಲ್ಲು ಎರಡು ಕೆಡುಕು ಮಾಡುತ್ತದೆ: ತಂಪುಗಾಳಿ ತಡೆಯುತ್ತದೆ, ಎಂಜಿನ್ ಕಾದಾಗ ಬೆಂಕಿ ಹಿಡಿಯುತ್ತದೆ. ಆಯಿಲ್ ಕೂಲರ್ ಮುಖ, ಎಕ್ಸಾಸ್ಟ್ ಕೊಳವೆ, ಕ್ಯಾಬಿನ್ ಹೀಟರ್ ಕವಚ ಎಲ್ಲವನ್ನೂ ಟಾರ್ಚ್ ಹಾಕಿ ನೋಡಿ. ಇಲಿ ಉಚ್ಚೆ ಬಿದ್ದ ಕಡೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉಬ್ಬಿರುತ್ತದೆ. ಅಂಥ ಜಾಗವನ್ನು ಒರೆಸಿ ಬಿಟ್ಟರೆ ಸಾಲದು, ಕೆಳಗೆ ಲೋಹ ಎಷ್ಟು ಉಳಿದಿದೆ ಎಂದು ಅಳೆಯಬೇಕು.

## ಹಂತ 3: ಪಿಸ್ಟನ್ ಅಲುಗಾಡುವ ಮೊದಲು ಸಿಲಿಂಡರ್ ಒಳಗೆ ನೋಡಿ

ಬಹಳ ಮಂದಿ ಈ ಹಂತವನ್ನು ಹಿಂದುಮುಂದು ಮಾಡುತ್ತಾರೆ. ಪ್ರೊಪೆಲ್ಲರ್ ಒಂದು ಸುತ್ತು ತಿರುಗಿಸಿ ಆಮೇಲೆ ಬೋರ್‌ಸ್ಕೋಪ್ ಹಾಕಿದರೆ ರಿಂಗ್‌ಗಳು ಸಡಿಲ ತುಕ್ಕನ್ನು ಕೆರೆದು ಸಾಕ್ಷಿ ಅಳಿಸಿರುತ್ತವೆ. ಮೊದಲು ಪ್ಲಗ್ ಬಿಚ್ಚಿ, ಪಿಸ್ಟನ್ ಇದ್ದಲ್ಲೇ ಇರಲಿ, ಒಂದೊಂದು ಸಿಲಿಂಡರಿನ ಫೋಟೋ ತೆಗೆಯಿರಿ.

ಮೊದಲು ಕೆಳಗಿನ ಪ್ಲಗ್‌ಗಳನ್ನು ಬಿಚ್ಚಿ, ಕೆಳಗೆ ಬಟ್ಟಲು ಹಿಡಿಯಿರಿ. ಸಂರಕ್ಷಣೆಯ ಆಯಿಲ್ ಸಿಂಪಡಿಸಿದ್ದರೆ ಹರಿದು ಬರುತ್ತದೆ. ಇದನ್ನು ಬಿಟ್ಟು ನೇರ ಸ್ಟಾರ್ಟರ್ ಒತ್ತಿದವರ ಎಂಜಿನ್‌ಗೆ ಆಗುವುದು ಹೈಡ್ರಾಲಿಕ್ ಲಾಕ್. ಆಯಿಲ್ ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರುವಾಗ ಆಯಿಲ್‌ಗೆ ಹೋಗಲು ದಾರಿಯಿಲ್ಲದಿದ್ದರೆ ಬಾಗುವುದು ಕನೆಕ್ಟಿಂಗ್ ರಾಡ್. ಸ್ವಲ್ಪವೇ ಬಾಗಿದ ರಾಡ್ ಅಂದು ಗೊತ್ತಾಗುವುದಿಲ್ಲ, ಎಂಜಿನ್ ಓಡುತ್ತದೆ, ಎಷ್ಟೋ ಗಂಟೆಗಳ ನಂತರ ರಾಡ್ ಮುರಿದು ಕೇಸ್ ಸೀಳಿ ಹೊರಬರುತ್ತದೆ. ನಕ್ಷತ್ರಾಕಾರದ ರೇಡಿಯಲ್ ಎಂಜಿನ್‌ಗಳಲ್ಲಿ ಆಯಿಲ್ ತಾನಾಗಿಯೇ ಕೆಳಗಿನ ಸಿಲಿಂಡರ್‌ಗಳಿಗೆ ಇಳಿಯುವುದರಿಂದ ಈ ಅಪಾಯ ಹಲವು ಪಟ್ಟು.

ಬೋರ್‌ಸ್ಕೋಪಿನಲ್ಲಿ ಕಾಣುವುದನ್ನು ಹೀಗೆ ಓದಿ:

- ಗೋಡೆಯ ಮೇಲೆ ಕಿತ್ತಳೆ ಬಣ್ಣದ ತೆಳು ಮಂಜು, ಅದರ ಕೆಳಗೆ ತಯಾರಿಸುವಾಗ ಉಜ್ಜಿ ಮೂಡಿಸಿದ ಹೋನಿಂಗ್‌ನ ಓರೆಗೆರೆಗಳು ಇನ್ನೂ ಕಾಣುತ್ತಿವೆ: ಮೇಲ್ಮೈ ತುಕ್ಕು. ಎಂಜಿನಿಯರ್ ಒಪ್ಪಿದರೆ ಮುಂದುವರಿಯಬಹುದು, ಆದರೆ ಕೆರೆದು ಹೋಗುವ ತುಕ್ಕು ಸಾಣೆಪುಡಿಯಂತೆ ರಿಂಗ್ ತಿನ್ನುತ್ತದೆ, ಆಯಿಲ್ ಖರ್ಚು ಏರಬಹುದು.
- ಕಪ್ಪು ಚುಕ್ಕಿಗಳು, ಬೆಳಕು ಓರೆಯಾಗಿ ಬಿಟ್ಟಾಗ ಅಂಚಿಗೆ ನೆರಳು: ಗುಳಿ ಬಿದ್ದಿದೆ. ಸಿಲಿಂಡರ್ ಬಿಚ್ಚಲೇಬೇಕು.
- ಒಂದೇ ಎತ್ತರದಲ್ಲಿ ಗೋಡೆಯ ಸುತ್ತ ಉಂಗುರದಂಥ ಗೆರೆ: ಅಲ್ಲಿ ರಿಂಗ್ ವರ್ಷಗಟ್ಟಲೆ ನಿಂತಿತ್ತು.
- ಎಕ್ಸಾಸ್ಟ್ ವಾಲ್ವಿನ ಮುಖದಲ್ಲಿ ಬಣ್ಣ ಒಂದೇ ಬದಿಗೆ ವಾಲಿದ್ದರೆ ಸೋರಿಕೆ. ಅದು ನಿಂತದ್ದರಿಂದ ಬಂದದ್ದಲ್ಲ, ಹಳೆಯ ರೋಗ, ಆದರೂ ಹಿಡಿಯಲು ಇದೇ ಸಮಯ.

ಫೋಟೋ ಮುಗಿದ ಮೇಲೆ, ಪ್ಲಗ್‌ಗಳೆಲ್ಲ ಹೊರಗಿರುವಾಗಲೇ, ಓಡುವ ದಿಕ್ಕಿನಲ್ಲಿ ಪ್ರೊಪೆಲ್ಲರನ್ನು ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ. ನಾಲ್ಕು ಸ್ಟ್ರೋಕ್ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ ಎಲ್ಲ ಸಿಲಿಂಡರ್‌ಗಳ ಸರದಿ ಮುಗಿಯುತ್ತದೆ. ಹಿಮ್ಮುಖ ತಿರುಗಿಸಬೇಡಿ, ಒಣ ವ್ಯಾಕ್ಯೂಮ್ ಪಂಪಿನ ಕಾರ್ಬನ್ ಎಲೆಗಳಿಗೆ ಒಳ್ಳೆಯದಲ್ಲ. ಎಲ್ಲಾದರೂ ಬಿಗಿಯಾದರೆ ಒತ್ತಾಯ ಮಾಡದೆ ನಿಲ್ಲಿಸಿ, ಕಾರಣ ಹುಡುಕಿ. ತಿರುಗಿಸಿದ ಮೇಲೆ, ಮೊದಲ ಸಲ ಪಿಸ್ಟನ್ ಅಡ್ಡ ನಿಂತು ಕಾಣದಿದ್ದ ಗೋಡೆಗಳನ್ನು ಇನ್ನೊಮ್ಮೆ ನೋಡಿ.

## ಹಂತ 4: ಕ್ಯಾಮ್‌ಶಾಫ್ಟ್

ನಿಂತ ಎಂಜಿನ್‌ನ ಅತಿ ದುಬಾರಿ ಕೇಡು ಇಲ್ಲೇ ಇದೆ, ಅತಿ ಕಷ್ಟದಿಂದ ಕಾಣುವುದೂ ಇದೇ. ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲಿದೆ, ಲೋಬ್‌ಗಳಿಗೆ ಆಯಿಲ್ ಸಿಗುವುದು ಬಹುಮಟ್ಟಿಗೆ ಎರಚಾಟದಿಂದ. ಎಂಜಿನ್ ನಿಂತ ಮೇಲೆ ಮೊದಲು ಒಣಗುವುದೂ ಅದೇ, ಸ್ಟಾರ್ಟ್ ಮಾಡಿದಾಗ ಕೊನೆಗೆ ನೆನೆಯುವುದೂ ಅದೇ. ಕಾಂಟಿನೆಂಟಲ್‌ನಲ್ಲಿ ಕ್ಯಾಮ್ ಕೆಳಗಿದೆ, ಸ್ವಲ್ಪ ಅದೃಷ್ಟ.

ಲೋಬ್ ಮತ್ತು ಟ್ಯಾಪೆಟ್ ಮುಖಗಳ ಗಟ್ಟಿತನ ಮೇಲಿನ ತೆಳು ಪದರದಲ್ಲಷ್ಟೇ ಇರುತ್ತದೆ. ತುಕ್ಕಿನಿಂದ ಸೂಜಿಮೊನೆಯಷ್ಟು ಗುಳಿ ಬಿದ್ದರೂ ಅದರ ಅಂಚಿನಲ್ಲಿ ಒತ್ತಡ ಗುಡ್ಡೆಯಾಗುತ್ತದೆ. ಪ್ರತಿ ಎರಡು ಸುತ್ತಿಗೊಮ್ಮೆ ಅಲ್ಲೇ ಪೆಟ್ಟು. ಬಿರುಕು ಹರಡಿ ಪದರ ಹೆಕ್ಕಳೆಯಾಗಿ ಏಳುತ್ತದೆ, ಆ ಚೂರುಗಳು ಆಯಿಲ್‌ನಲ್ಲಿ ಸುತ್ತುತ್ತವೆ. ಆದ್ದರಿಂದಲೇ ಕೇಡು ಬಯಲಾಗುವುದು ಸ್ಟಾರ್ಟ್ ಮಾಡಿದ ದಿನವಲ್ಲ, ವಾರಗಳ ನಂತರ.

ಕಾಂಟಿನೆಂಟಲ್‌ನಲ್ಲಿ ಸಿಲಿಂಡರ್ ಬಿಚ್ಚದೆಯೇ ಟ್ಯಾಪೆಟ್ ಎಳೆದು ಮುಖ ನೋಡಬಹುದು, ಅದೇ ತೂತಿನಿಂದ ಬೋರ್‌ಸ್ಕೋಪ್ ಇಳಿಸಿ ಲೋಬ್ ನೋಡಬಹುದು. ಲೈಕಮಿಂಗ್‌ನ ಅಣಬೆಯಾಕಾರದ ಟ್ಯಾಪೆಟ್ ಹಾಗೆ ಹೊರಬರುವುದಿಲ್ಲ, ಕ್ಯಾಮ್ ಚೆನ್ನಾಗಿ ಕಾಣಬೇಕಾದರೆ ಒಂದಾದರೂ ಸಿಲಿಂಡರ್ ತೆಗೆಯಬೇಕು. ಖರ್ಚೆಂದು ಹಿಂಜರಿಯುವುದು ಸಹಜ. ಆದರೂ ಸಂರಕ್ಷಣೆಯಿಲ್ಲದೆ ತೇವದ ಹವೆಯಲ್ಲಿ ವರ್ಷಕ್ಕೂ ಹೆಚ್ಚು ನಿಂತಿದ್ದು, ಸಿಲಿಂಡರ್ ಗೋಡೆಯಲ್ಲಿ ಗುಳಿ ಕಂಡಿದ್ದರೆ ನಮ್ಮ ಸಲಹೆ ತೆಗೆಯಿರಿ ಎಂದೇ. ಹೇಗೂ ಆ ಸಿಲಿಂಡರ್ ಹೊರಬರಬೇಕು, ಅದೇ ಕಿಟಕಿಯಿಂದ ಕ್ಯಾಮ್ ನೋಡಿಬಿಡಿ.

ಒಂದು ಎಚ್ಚರಿಕೆ: ಡಯಲ್ ಗೇಜ್ ಇಟ್ಟು ವಾಲ್ವ್ ಎಷ್ಟು ಏರುತ್ತದೆ ಎಂದು ಅಳೆದು ಸರಿಯಿದೆ ಎಂದು ನಿಶ್ಚಿಂತರಾಗುವವರಿದ್ದಾರೆ. ಆ ಅಳತೆ ಸವೆತ ಹೇಳುತ್ತದೆ, ತುಕ್ಕು ಹೇಳುವುದಿಲ್ಲ. ಗುಳಿ ಬಿದ್ದ ಲೋಬ್ ಮೊದಲ ದಿನ ಪೂರ್ತಿ ಎತ್ತರವನ್ನೇ ತೋರಿಸುತ್ತದೆ.

## ಹಂತ 5: ಹಳೆಯ ಆಯಿಲ್ ತೆಗೆಯಿರಿ, ಜಾಡಿಯಲ್ಲಿ ನೋಡಿ

ಡ್ರೇನ್ ತೆರೆದಾಗ ಮೊದಲು ಬರುವ ಅರ್ಧ ಲೀಟರನ್ನು ಬೇರೆ ಜಾಡಿಗೆ ಹಿಡಿಯಿರಿ. ನೀರು ಆಯಿಲ್‌ಗಿಂತ ಭಾರ, ಸಂಪಿನ ತಳದಲ್ಲೇ ಕೂತಿರುತ್ತದೆ, ಎಲ್ಲಕ್ಕಿಂತ ಮೊದಲು ಬರುತ್ತದೆ. ಜಾಡಿಯನ್ನು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬೆಳಕಿಗೆ ಹಿಡಿದರೆ ಕೆಳಗೆ ತಿಳಿ ಪದರ ಅಥವಾ ಮಜ್ಜಿಗೆ ಬಣ್ಣದ ಕೆಸರು ಕಂಡೀತು. ಕಂಡರೆ ಕ್ಯಾಮ್ ಬಗ್ಗೆ ಇಟ್ಟಿದ್ದ ಅನುಮಾನ ಇನ್ನೊಂದು ಮಟ್ಟ ಏರಿಸಿ.

ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿ, ಸಂಪಿನ ಸಕ್ಷನ್ ಸ್ಕ್ರೀನನ್ನೂ ತೆಗೆಯಿರಿ. ಸ್ಕ್ರೀನ್ ಮರೆಯುವವರೇ ಹೆಚ್ಚು, ದೊಡ್ಡ ಚೂರು ಸಿಕ್ಕಿಬೀಳುವುದು ಅಲ್ಲೇ. ಆಮೇಲೆ ಹೊಸ ಫಿಲ್ಟರ್, ಹೊಸ ಆಯಿಲ್. ಲೈಕಮಿಂಗ್ ಓ-320-ಎಚ್ ಸರಣಿಯಂಥ ಕೆಲವು ಎಂಜಿನ್‌ಗಳಿಗೆ ಕ್ಯಾಮ್ ರಕ್ಷಣೆಗೆಂದು ಎಲ್‌ಡಬ್ಲ್ಯು-16702 ಸಂಯೋಜಕ, ಇಲ್ಲವೇ ಅದು ಮೊದಲೇ ಬೆರೆತಿರುವ ಆಯಿಲ್, ಕಡ್ಡಾಯ. ಹಿಂದಿನ ಮಾಲೀಕರು ಹಾಕುತ್ತಿದ್ದರೋ ಇಲ್ಲವೋ ಲಾಗ್‌ಬುಕ್‌ನಲ್ಲಿ ಸಿಗುತ್ತದೆ.

## ಹಂತ 6: ಇಂಧನ ವ್ಯವಸ್ಥೆ

ಕ್ಯಾಮ್ ಕೆಟ್ಟರೆ ಹಣ ಹೋಗುತ್ತದೆ, ಇಂಧನ ನಿಂತರೆ ಎಂಜಿನ್ ಗಾಳಿಯಲ್ಲೇ ನಿಲ್ಲುತ್ತದೆ. ಇಲ್ಲಿ ಏನನ್ನೂ ಬಿಡಬೇಡಿ.

ಟ್ಯಾಂಕಿನ ಹಳೆಯ ಇಂಧನವನ್ನು ಪೂರ್ತಿ ಖಾಲಿ ಮಾಡಿ. ಹೊಸದರ ಜೊತೆ ಬೆರೆಸಿ ಉಪಯೋಗಿಸುವ ಉಳಿತಾಯ ಬೇಡ. ವಿಮಾನದ ಪೆಟ್ರೋಲ್ 100ಎಲ್‌ಎಲ್ ನೀಲಿಯಾಗಿರಬೇಕು. ಕಂದು ಬಣ್ಣ, ಹುಳಿ ವಾಸನೆ, ಬೆರಳಿಗೆ ಅಂಟು ಇದ್ದರೆ ಅಂಟುಪೊರೆ ಕಾರ್ಬ್ಯುರೇಟರ್‌ವರೆಗೂ ಹೋಗಿದೆ ಎಂದೇ ಅರ್ಥ. ರಬ್ಬರ್ ಚೀಲದ ಟ್ಯಾಂಕ್ ಆಗಿದ್ದರೆ ಒಳಗೆ ಕನ್ನಡಿ ಹಿಡಿದು ನೋಡಿ: ಒಣಗಿ ಬಿರಿದಿದೆಯೇ, ತಳದಲ್ಲಿ ಸುಕ್ಕು ಬಿದ್ದಿದೆಯೇ. ಸುಕ್ಕಿನ ಹಿಂದೆ ನಿಂತ ನೀರು ಸಂಪಿನಿಂದ ಬರುವುದಿಲ್ಲ, ಟೇಕ್‌ಆಫ್‌ನಲ್ಲಿ ಮೂಗು ಎತ್ತಿದಾಗ ಕದಲಿ ಒಮ್ಮೆಲೇ ಬರುತ್ತದೆ.

ಟ್ಯಾಂಕಿನ ಗಾಳಿಕೊಳವೆಗಳಲ್ಲಿ ಮಣ್ಣಿನ ಕಣಜ ಗೂಡು ಕಟ್ಟಿರುತ್ತದೆ. ಕೊಳವೆ ಮುಚ್ಚಿದ್ದರೆ ಎಂಜಿನ್ ನೆಲದಲ್ಲಿ ಚೆನ್ನಾಗಿ ಓಡುತ್ತದೆ, ಟ್ಯಾಂಕಿನಲ್ಲಿ ನಿರ್ವಾತ ಕಟ್ಟುತ್ತ ಹೋಗಿ ಮೇಲೇರಿದ ಮೇಲೆ ಇಂಧನ ನಿಲ್ಲುತ್ತದೆ. ಸ್ಟಾರ್ಟ್ ಪರೀಕ್ಷೆಯಲ್ಲಿ ಈ ದೋಷ ಸಿಗುವುದೇ ಇಲ್ಲ. ಪ್ರತಿ ಗಾಳಿಕೊಳವೆಗೂ ಮೆತ್ತಗೆ ಊದಿ, ಗಾಳಿ ಒಳಗೆ ಹೋಗುವುದನ್ನು ಖಚಿತಪಡಿಸಿಕೊಳ್ಳಿ.

ಕ್ರಮ ಹೀಗಿರಲಿ: ಸಂಪ್‌ಗಳು, ಗ್ಯಾಸ್ಕೊಲೇಟರ್ (ನೀರು, ಕಸ ತಡೆಯುವ ಸೋಸುಕ) ಬಟ್ಟಲು ಮತ್ತು ಜಾಲರಿ, ಕಾರ್ಬ್ಯುರೇಟರ್ ಬಾಯಿಯ ಜಾಲರಿ, ಕೊನೆಗೆ ಕಾರ್ಬ್ಯುರೇಟರ್ ಬಟ್ಟಲಿನ ಡ್ರೇನ್. ಫ್ಲೋಟ್ ಸೂಜಿ ಅಂಟಿದ್ದರೆ ಒಂದೋ ಇಂಧನ ಬರುವುದಿಲ್ಲ, ಇಲ್ಲವೇ ನಿಲ್ಲದೆ ಸುರಿಯುತ್ತದೆ.

ಈಗ ಹರಿವಿನ ಅಳತೆ. ಕಾರ್ಬ್ಯುರೇಟರ್ ಬಳಿ ಕೊಳವೆ ಬಿಡಿಸಿ ಬಕೆಟ್‌ಗೆ ಹಿಡಿದು ಗಡಿಯಾರ ನೋಡಿ. ರೆಕ್ಕೆಯಿಂದ ತಾನಾಗಿ ಇಳಿಯುವ ವ್ಯವಸ್ಥೆಯಾದರೆ ಟೇಕ್‌ಆಫ್ ಖರ್ಚಿನ 150 ಪ್ರತಿಶತ, ಪಂಪ್ ಇದ್ದರೆ 125 ಪ್ರತಿಶತ ಹರಿಯಬೇಕು. ಟೇಕ್‌ಆಫ್‌ನಲ್ಲಿ ಗಂಟೆಗೆ 50 ಲೀಟರ್ ಕುಡಿಯುವ ಎಂಜಿನ್ ಆದರೆ, ಪಂಪಿಲ್ಲದ ವ್ಯವಸ್ಥೆಯಲ್ಲಿ ಗಂಟೆಗೆ 75 ಲೀಟರ್, ಅಂದರೆ ನಿಮಿಷಕ್ಕೆ 1.25 ಲೀಟರ್. ಪ್ರತಿ ಟ್ಯಾಂಕಿಗೂ ಬೇರೆ ಬೇರೆ ಅಳೆಯಿರಿ, ಟ್ಯಾಂಕಿನ ಮುಚ್ಚಳ ಹಾಕಿಯೇ ಅಳೆಯಿರಿ. ಮುಚ್ಚಳ ತೆಗೆದು ಅಳೆದರೆ ಗಾಳಿಕೊಳವೆಯ ದೋಷ ಅಡಗಿಬಿಡುತ್ತದೆ. ಬಯಲಿನಲ್ಲಿ ಮಾಡಿ, ವಿಮಾನ ಮತ್ತು ಬಕೆಟ್ ಎರಡಕ್ಕೂ ಅರ್ಥಿಂಗ್ ತಂತಿ ಕೊಡಿ.

ಇಂಜೆಕ್ಷನ್ ಎಂಜಿನ್ ಆದರೆ ನಾಜಲ್‌ಗಳನ್ನು ಬಿಚ್ಚಿ ಒಂದೊಂದನ್ನೂ ಒಂದೇ ಅಳತೆಯ ಬಾಟಲಿಗೆ ಇಳಿಬಿಟ್ಟು ಬೂಸ್ಟ್ ಪಂಪ್ ಹಾಕಿ. ಮಟ್ಟಗಳು ಒಂದೇ ಸಮ ಏರಬೇಕು. ಒಂದು ಹಿಂದೆ ಬಿದ್ದರೆ ಆ ನಾಜಲ್ ಕಟ್ಟಿದೆ. ಸೂಜಿ ಚುಚ್ಚಿ ಬಿಡಿಸಬೇಡಿ, ದ್ರಾವಣದಲ್ಲಿ ನೆನೆಸಿ ಗಾಳಿ ಹಾಯಿಸಿ.

## ಹಂತ 7: ರಬ್ಬರ್, ಪ್ಲಗ್, ಮ್ಯಾಗ್ನೆಟೊ

ಹೋಸ್‌ಗಳ ಮೇಲೆ ತಯಾರಿಕೆಯ ತಿಂಗಳು ವರ್ಷ ಇರುವ ಚೀಟಿ ನೋಡಿ. ಮೆತ್ತಗೆ ಬಾಗಿಸಿದಾಗ ಕಿರುಗುಟ್ಟಿದರೆ, ಬಿರಿದರೆ ಬದಲಿಸಿ. ಗಾಳಿ ಫಿಲ್ಟರ್ ಸ್ಪಂಜಿನದಾದರೆ ವಿಚಾರ ಮಾಡದೆ ಹೊಸದು ಹಾಕಿ, ಹಳೆಯ ಸ್ಪಂಜು ಪುಡಿಯಾಗಿ ಎಂಜಿನ್ ಒಳಗೇ ಹೋಗುತ್ತದೆ.

ಪ್ಲಗ್ ತೊಳೆದು ಒಣಗಿಸಿ, ಸಾಮಾನ್ಯ ದಪ್ಪ ಎಲೆಕ್ಟ್ರೋಡ್‌ನವುಗಳಿಗೆ ಅಂತರ 0.016ರಿಂದ 0.021 ಇಂಚು ಇಡಿ. ಲೈಕಮಿಂಗ್‌ಗೆ ಬಿಗಿಸುವ ಟಾರ್ಕ್ 30ರಿಂದ 35 ಅಡಿ-ಪೌಂಡ್. ಕೈಯಿಂದ ಕೆಳಗೆ ಬಿದ್ದ ಪ್ಲಗ್ ಮತ್ತೆ ಹಾಕಬೇಡಿ, ಪಿಂಗಾಣಿಯ ಬಿರುಕು ಹೊರಗೆ ಕಾಣುವುದಿಲ್ಲ. ಮ್ಯಾಗ್ನೆಟೊ ಒಳಗಿನ ಪಾಯಿಂಟ್‌ಗಳೂ ಬಣ್ಣಗೆಡುತ್ತವೆ. ತೆರೆದು ನೋಡಿಸಿ, ಟೈಮಿಂಗ್ ಹೊಸದಾಗಿ ಕೂಡಿಸಿ.

ಕಂಪ್ರೆಷನ್ ಪರೀಕ್ಷೆ ಈಗ ಮಾಡಿದರೆ ಅಂಕಿ ಕೆಟ್ಟದಾಗಿ ಬರಬಹುದು, ರಿಂಗ್‌ಗಳು ಒಣಗಿವೆ. ನಿರ್ಣಾಯಕ ಅಳತೆ ಎಂಜಿನ್ ಬಿಸಿಯಾದ ಮೇಲಿನದು. ಮಾಡುವುದಾದರೆ ಪ್ರೊಪೆಲ್ಲರ್ ಹಿಡಿಯಲು ಬಲವಾದ ಒಬ್ಬರು ಬೇಕೇ ಬೇಕು. 130 ಮಿಲಿಮೀಟರ್ ಬೋರ್‌ನಲ್ಲಿ 80 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಎಂದರೆ ಪಿಸ್ಟನ್ ತಲೆಯ ಮೇಲೆ ಸುಮಾರು 750 ಕಿಲೋ ಭಾರ. ಪಿಸ್ಟನ್ ತುತ್ತತುದಿಯಿಂದ ಸ್ವಲ್ಪ ಜಾರಿದರೂ ಅಲಗು ಮೂಳೆ ಮುರಿಯುವ ಬಿರುಸಿನಲ್ಲಿ ತಿರುಗುತ್ತದೆ.

## ಹಂತ 8: ಕಿಡಿಗೆ ಮೊದಲು ಆಯಿಲ್ ತಲುಪಿಸಿ

ಸಾಮಾನ್ಯ ಸ್ಟಾರ್ಟ್‌ನಲ್ಲಿ ಬೇರಿಂಗ್‌ಗಳ ಮೇಲೆ ಹಿಂದಿನ ದಿನದ ಆಯಿಲ್ ಇರುತ್ತದೆ. ವರ್ಷಗಟ್ಟಲೆ ನಿಂತಾಗ ಆಯಿಲ್ ಹರಿಯುವ ಗ್ಯಾಲರಿಗಳೆಲ್ಲ ಖಾಲಿ. ಆ ಸ್ಥಿತಿಯಲ್ಲಿ ಎಂಜಿನ್ ಹೊತ್ತಿದರೆ ದಹನದ ಪೂರ್ತಿ ಪೆಟ್ಟನ್ನು ಒಣ ಬೇರಿಂಗ್ ಹೊರಬೇಕು. ಇದನ್ನು ತಪ್ಪಿಸಲು ಲೈಕಮಿಂಗ್‌ನ ಸರ್ವಿಸ್ ಇನ್‌ಸ್ಟ್ರಕ್ಷನ್ 1241 ಪ್ರೀ-ಆಯಿಲಿಂಗ್ ಕ್ರಮ ಕೊಟ್ಟಿದೆ.

1. ಪ್ರತಿ ಸಿಲಿಂಡರಿನಿಂದ ಒಂದು ಪ್ಲಗ್ ತೆಗೆದಿರಿ. ಕಂಪ್ರೆಷನ್ ಇಲ್ಲದಿದ್ದರೆ ಸ್ಟಾರ್ಟರ್‌ಗೂ ಬೇರಿಂಗ್‌ಗೂ ಭಾರವಿಲ್ಲ. ಮ್ಯಾಗ್ನೆಟೊ ಆಫ್, ಇಂಧನ ಬಂದ್, ಮಿಕ್ಸ್ಚರ್ ಹಿಂದಕ್ಕೆ, ಬಿಟ್ಟ ಪ್ಲಗ್ ಕೇಬಲ್‌ಗಳು ಇಂಧನದಿಂದ ದೂರ.
2. ಸ್ಟಾರ್ಟರ್ 10ರಿಂದ 15 ಸೆಕೆಂಡ್ ತಿರುಗಿಸಿ, ಕಣ್ಣು ಆಯಿಲ್ ಪ್ರೆಷರ್ ಗೇಜ್ ಮೇಲಿರಲಿ. ಕನಿಷ್ಠ 20 ಪಿಎಸ್‌ಐ ಸ್ಥಿರವಾಗಿ ಕಾಣಬೇಕು.
3. ಕಾಣದಿದ್ದರೆ ಕನಿಷ್ಠ 30 ಸೆಕೆಂಡ್ ಬಿಟ್ಟು ಮತ್ತೆ ತಿರುಗಿಸಿ. ಹೀಗೆ ಆರು ಸಲದವರೆಗೆ, ಆಮೇಲೆ ಸ್ಟಾರ್ಟರ್ ಪೂರ್ತಿ ಆರಲಿ.
4. ಒತ್ತಡ ಬಂದ ಮೇಲೂ ಐದು ನಿಮಿಷ ಬಿಟ್ಟು ಇನ್ನೊಮ್ಮೆ ತಿರುಗಿಸಿ, ಒತ್ತಡ ಥಟ್ಟನೆ ಬೀಳುವುದಿಲ್ಲ ಎಂದು ಖಾತ್ರಿ ಮಾಡಿ.
5. ಪ್ಲಗ್ ಹಾಕಿ ಮೂರು ಗಂಟೆಯೊಳಗೆ ಸ್ಟಾರ್ಟ್ ಮಾಡಿ. ಮೀರಿದರೆ ಮೊದಲಿನಿಂದ ಮತ್ತೆ.

ಎಷ್ಟು ತಿರುಗಿಸಿದರೂ ಮುಳ್ಳು ಏಳದಿದ್ದರೆ ಪಂಪ್ ಒಣಗಿ ಗಾಳಿ ಹಿಡಿದಿರಬಹುದು. ಹೊರಗಿನಿಂದ ಒತ್ತಡದ ಟ್ಯಾಂಕ್ ಜೋಡಿಸಿ ಗ್ಯಾಲರಿಗೆ ಆಯಿಲ್ ತುಂಬಿಸುವ ವಿಧಾನವೂ ಇದೆ, ಎಂಜಿನಿಯರ್ ಅದನ್ನು ಬಳಸಲಿ. "ಒಮ್ಮೆ ಸ್ಟಾರ್ಟ್ ಆದರೆ ಒತ್ತಡ ತಾನೇ ಬರುತ್ತದೆ" ಎಂಬ ಮಾತಿಗೆ ಮಾತ್ರ ಕಿವಿಗೊಡಬೇಡಿ.

## ಹಂತ 9: ಮೊದಲ ಸ್ಟಾರ್ಟ್

ವಿಮಾನದ ಮೂಗು ಗಾಳಿಗೆ ಎದುರಾಗಿರಲಿ, ಬಾಲ ಕಟ್ಟಿರಲಿ, ಅಗ್ನಿಶಾಮಕ ಹಿಡಿದವರು ಪ್ರೊಪೆಲ್ಲರ್ ಸುಳಿಯಿಂದ ದೂರ ಪಕ್ಕಕ್ಕೆ ನಿಂತಿರಲಿ. ಬ್ಯಾಟರಿ ಪೂರ್ತಿ ತುಂಬಿರಬೇಕು. ಸ್ಟಾರ್ಟ್‌ಗೆ ಮುನ್ನ ಇಂಧನ ಚಿಮ್ಮಿಸುವ ಪ್ರೈಮಿಂಗ್ ಹಿತಮಿತವಾಗಿರಲಿ. ಅತಿಯಾಗಿ ಗಾಳಿದಾರಿಯಲ್ಲಿ ಬೆಂಕಿ ಹೊತ್ತಿದರೆ ಸ್ಟಾರ್ಟರ್ ಬಿಡಬೇಡಿ, ತಿರುಗಿಸುತ್ತಲೇ ಮಿಕ್ಸ್ಚರ್ ಹಿಂದಕ್ಕೆಳೆದು ಥ್ರಾಟಲ್ ಪೂರ್ತಿ ತೆರೆಯಿರಿ, ಎಂಜಿನ್ ಬೆಂಕಿಯನ್ನು ಒಳಗೆಳೆದುಕೊಳ್ಳುತ್ತದೆ.

ಹೊತ್ತಿದ ತಕ್ಷಣ ಒಂದೇ ಗೇಜ್ ನೋಡಿ: ಆಯಿಲ್ ಪ್ರೆಷರ್. 30 ಸೆಕೆಂಡಿನಲ್ಲಿ ಏಳದಿದ್ದರೆ ನಿಲ್ಲಿಸಿ. ಎದ್ದರೆ 1000ದಿಂದ 1200 ಆರ್‌ಪಿಎಂನಲ್ಲಿ ಮೂರು ನಾಲ್ಕು ನಿಮಿಷ ಓಡಿಸಿ ನಿಲ್ಲಿಸಿಬಿಡಿ. ಮೇಲಕ್ಕೆ ಒಯ್ಯಬೇಡಿ. ಕೆಳಗೆ ಮಲಗಿ ಟಾರ್ಚ್ ಹಾಕಿ ಸೋರಿಕೆ ನೋಡಿ: ಪ್ರೊಪೆಲ್ಲರ್ ಹಿಂದಿನ ಕ್ರ್ಯಾಂಕ್ ಸೀಲ್, ಪುಷ್‌ರಾಡ್ ಕೊಳವೆಗಳ ಬುಡ, ಫಿಲ್ಟರ್, ಹೋಸ್ ತುದಿಗಳು, ಇಂಧನ ಪಂಪ್.

ಎರಡನೇ ಓಟಕ್ಕೆ ಕೌಲಿಂಗ್ ಹಾಕಿ. ಅದಿಲ್ಲದೆ ಹೆಚ್ಚು ಹೊತ್ತು ಓಡಿಸಿದರೆ ಗಾಳಿ ಸಿಲಿಂಡರ್‌ಗಳ ನಡುವೆ ಹಾಯದೆ ಪಕ್ಕಕ್ಕೆ ಹೋಗುತ್ತದೆ. ಬಿಸಿಯಾದ ಮೇಲೆ ಮ್ಯಾಗ್ನೆಟೊ ಪರೀಕ್ಷೆ, ಎರಡರಲ್ಲಿ ಒಂದೊಂದನ್ನೇ ಆಫ್ ಮಾಡಿ: ಅಲಗಿನ ಕೋನ ಬದಲಾಗದ ಪ್ರೊಪೆಲ್ಲರ್‌ನ ಲೈಕಮಿಂಗ್‌ನಲ್ಲಿ ಇಳಿಕೆ 175 ಆರ್‌ಪಿಎಂ ಮೀರಬಾರದು, ಎರಡರ ವ್ಯತ್ಯಾಸ 50 ಮೀರಬಾರದು. ಇಳಿಕೆಯೇ ಇಲ್ಲದಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ, ಪಿ-ಲೀಡ್ ತುಂಡಾಗಿದೆ.

ಈ ಲಕ್ಷಣಗಳಲ್ಲಿ ಯಾವುದು ಕಂಡರೂ ಅಂದಿನ ಕೆಲಸ ಅಲ್ಲಿಗೇ ನಿಲ್ಲಲಿ:

- ಬಿಸಿಯಾದ ಎಂಜಿನ್ ಐಡಲ್‌ನಲ್ಲಿ ಆಯಿಲ್ ಪ್ರೆಷರ್ 25 ಪಿಎಸ್‌ಐಗಿಂತ ಕೆಳಗೆ
- ತಣ್ಣಗಿರುವಾಗ ಒಂದು ಸಿಲಿಂಡರ್ ತಪ್ಪಿಸಿ ಬಡಿದು ಬಿಸಿಯಾದ ಮೇಲೆ ಸರಿಹೋಗುವುದು: ಎಕ್ಸಾಸ್ಟ್ ವಾಲ್ವ್ ಗೈಡ್‌ನಲ್ಲಿ ಅಂಟುತ್ತಿದೆ. ಸರಿಹೋಯಿತಲ್ಲ ಎಂದು ಹಾರಿದರೆ ಪುಷ್‌ರಾಡ್ ಬಾಗುತ್ತದೆ.
- ಟಕಟಕ ಸದ್ದು ಒಂದೆರಡು ನಿಮಿಷ ಕಳೆದರೂ ನಿಲ್ಲದಿರುವುದು
- ಬ್ರೀದರ್‌ನಿಂದ ದಟ್ಟ ಹೊಗೆ
- ಪೂರ್ತಿ ಥ್ರಾಟಲ್‌ನಲ್ಲಿ ಕೈಪಿಡಿಯ ಸ್ಟ್ಯಾಟಿಕ್ (ವಿಮಾನ ನಿಂತಲ್ಲೇ ಬರಬೇಕಾದ) ಆರ್‌ಪಿಎಂ ಬಾರದಿರುವುದು

ನಿಲ್ಲಿಸಿದ ಕೂಡಲೇ, ಬಿಸಿ ಇರುವಾಗಲೇ, ತೊಳೆಯಲು ಹಾಕಿದ್ದ ಆಯಿಲ್ ಇಳಿಸಿ ಫಿಲ್ಟರ್ ಕತ್ತರಿಸಿ. ಮಡಿಕೆಯ ಕಸವನ್ನು ದ್ರಾವಣದಲ್ಲಿ ತೊಳೆದು ಅಯಸ್ಕಾಂತ ಆಡಿಸಿ. ಅಂಟಿದ್ದು ಉಕ್ಕು: ಕ್ಯಾಮ್, ಟ್ಯಾಪೆಟ್, ಸಿಲಿಂಡರ್ ಗೋಡೆ, ಗೇರ್. ಅಂಟದ ಹೊಳಪು ಚೂರು ಅಲ್ಯುಮಿನಿಯಂ ಅಥವಾ ಬೇರಿಂಗ್ ಲೋಹ. ಕಪ್ಪು, ಬೆರಳಲ್ಲಿ ಪುಡಿಯಾಗುವುದು ಇಂಗಾಲ. ಬಿಸಿ ಕಂಪ್ರೆಷನ್ ಪರೀಕ್ಷೆಯೂ ಈಗಲೇ.

## ಹಂತ 10: ಮೊದಲ ಹಾರಾಟ ಮತ್ತು ಮುಂದಿನ 25 ಗಂಟೆ

ಪ್ರಯಾಣಿಕರು ಬೇಡ. ಉದ್ದದ ರನ್‌ವೇ, ಹಗಲು, ತಿಳಿಯಾದ ಆಕಾಶ. ಟೇಕ್‌ಆಫ್ ಓಟದಲ್ಲಿ ಆರ್‌ಪಿಎಂ, ಆಯಿಲ್ ಪ್ರೆಷರ್ ಎರಡೂ ಸರಿಯಿರದಿದ್ದರೆ ಚಕ್ರ ನೆಲದಲ್ಲಿರುವಾಗಲೇ ಬಿಟ್ಟುಬಿಡಿ. ಮೇಲೇರಿದ ಮೇಲೆ ಎಂಜಿನ್ ನಿಂತರೂ ತೇಲಿ ಇಳಿಯುವಷ್ಟು ಹತ್ತಿರದಲ್ಲಿ ಏರೋಡ್ರೋಮಿನ ನೆತ್ತಿಯ ಮೇಲೇ ಸುತ್ತಿ. ಒಂದು ಗಂಟೆ, 65ರಿಂದ 75 ಪ್ರತಿಶತ ಶಕ್ತಿಯಲ್ಲಿ. ಮೆಲ್ಲಗೆ ಹಾರಿಸಿ ಎಂಜಿನ್‌ಗೆ ಕರುಣೆ ತೋರಿಸಿದರೆ ಆಯಿಲ್ ಕಾಯುವುದಿಲ್ಲ, ತೇವ ಒಳಗೇ ಉಳಿಯುತ್ತದೆ. ಟ್ಯಾಂಕ್ ಬದಲಿಸುವುದು ಎತ್ತರದಲ್ಲಿ, ರನ್‌ವೇ ನೇರ ಕೆಳಗಿರುವಾಗ ಮಾತ್ರ.

ಇಳಿದ ಮೇಲೆ ಕೌಲಿಂಗ್ ಬಿಚ್ಚಿ ಮತ್ತೆ ಸೋರಿಕೆ ನೋಡಿ. ನಮ್ಮ ಸಲಹೆಯಂತೆ ಫಿಲ್ಟರನ್ನು 10 ಗಂಟೆಗೆ, ಮತ್ತೆ 25 ಗಂಟೆಗೆ ಕತ್ತರಿಸಿ. ಎರಡರ ಕಸವನ್ನೂ ದಿನಾಂಕ ಬರೆದ ಬಿಳಿ ಕಾಗದದ ಮೇಲೆ ಅಂಟಿಸಿ ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ಕೂದಲಿನಂಥ ಸಣ್ಣ ಉಕ್ಕಿದ್ದು ಎರಡನೆಯದರಲ್ಲಿ ಕಡಿಮೆಯಾಗಿದ್ದರೆ ಮೇಲ್ಮೈ ತುಕ್ಕು ತೊಳೆದು ಹೋಗುತ್ತಿದೆ. ಹೆಚ್ಚಾಗಿದ್ದರೆ, ಅದರಲ್ಲೂ ಚಪ್ಪಟೆ ಹೆಕ್ಕಳೆ ಕಂಡರೆ, ಕ್ಯಾಮ್ ಸವೆಯುತ್ತಿದೆ. ಸಿಲಿಂಡರ್ ತೆಗೆದು ನೋಡುವವರೆಗೆ ಮತ್ತೆ ಹಾರಬೇಡಿ. ಆಮೇಲೆ ಮಾಮೂಲಿ ಲೆಕ್ಕ: ಫಿಲ್ಟರ್ ಇರುವ ಎಂಜಿನ್‌ಗೆ 50 ಗಂಟೆ, ಬರಿಯ ಸ್ಕ್ರೀನ್ ಇದ್ದರೆ 25 ಗಂಟೆ, ಇಲ್ಲವೇ ನಾಲ್ಕು ತಿಂಗಳು, ಯಾವುದು ಮೊದಲೋ ಅದು.

## ರೋಟಾಕ್ಸ್ 912 ಇದ್ದವರಿಗೆ

ಮೇಲಿನ ತಪಾಸಣೆಗಳಲ್ಲಿ ಹೆಚ್ಚಿನವು ಇಲ್ಲಿಗೂ ಸಲ್ಲುತ್ತವೆ, ಆದರೆ ಆಯಿಲ್ ವಿಷಯದಲ್ಲಿ ನಿಯಮ ಬೇರೆ. ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಪ್ರತಿ ಹಾರಾಟದ ಮುನ್ನ ಮಟ್ಟ ನೋಡಲು ಪ್ರೊಪೆಲ್ಲರನ್ನು ಓಡುವ ದಿಕ್ಕಿನಲ್ಲಿ ಕೈಯಿಂದ ತಿರುಗಿಸಿ, ಟ್ಯಾಂಕಿನಲ್ಲಿ ಗುಳುಗುಳು ಸದ್ದು ಬರುವವರೆಗೆ ಕಾಯಬೇಕು. ಕೈಯಲ್ಲಿ ತಿರುಗಿಸಬಾರದೆಂಬ ಮಾತು ಈ ಕೆಲಸಕ್ಕೆ ಅನ್ವಯಿಸುವುದಿಲ್ಲ. ಹಿಮ್ಮುಖ ತಿರುಗಿಸಿದರೆ ಮಾತ್ರ ಆಯಿಲ್ ದಾರಿಗೆ ಗಾಳಿ ಸೇರಿ ಟ್ಯಾಪೆಟ್‌ಗಳು ಖಾಲಿಯಾಗುತ್ತವೆ. ಆಯಿಲ್ ಕೊಳವೆ ಎಲ್ಲಿಯಾದರೂ ಬಿಚ್ಚಿದ್ದರೆ ಗಾಳಿ ಹೊರಹಾಕಲು ಕೈಪಿಡಿ ಹೇಳುವ ಪರ್ಜಿಂಗ್ ಕ್ರಮ ಪೂರ್ತಿ ಮಾಡದೆ ಸ್ಟಾರ್ಟ್ ಮಾಡಬೇಡಿ. ಇಲ್ಲಿ ಒತ್ತಡಕ್ಕೆ ಕಾಯುವುದು 10 ಸೆಕೆಂಡ್ ಮಾತ್ರ. ರಬ್ಬರ್ ಭಾಗಗಳಿಗೆಲ್ಲ ಐದು ವರ್ಷದ ಗಡುವಿದೆ, ಎಂಜಿನ್ ಒಂದು ಗಂಟೆಯೂ ಓಡದಿದ್ದರೂ ಆ ಎಣಿಕೆ ನಿಲ್ಲುವುದಿಲ್ಲ. ನಿಲ್ಲುವ ಮೊದಲಿನ ವರ್ಷಗಳೂ ಸೇರುವುದರಿಂದ, ಮೂರು ವರ್ಷ ನಿಂತ ವಿಮಾನದಲ್ಲಿ ಆ ಗಡುವು ದಾಟಿರಬಹುದು, ಹೋಸ್‌ಗಳ ಕಿಟ್ ಮೊದಲೇ ತರಿಸಿಟ್ಟುಕೊಳ್ಳಿ.